ಓಗೊಡದ ಆಟ

ಎಪ್ಪತ್ತನಾಲ್ಕು ದಿನ ಗಂಡನಿಂದ ಒಂದು ಅಕ್ಷರವೂ ಬಂದಿರಲಿಲ್ಲ. ಒಂದು ಶನಿವಾರ ಮಧ್ಯಾಹ್ನ ಸುಮನಾ ಹೊಲಿಗೆ ಮಷೀನಿನಿಂದ ಬಟ್ಟೆ ಎಳೆದು ನೂಲನ್ನು ಹಲ್ಲಿನಲ್ಲಿ ಕಡಿಯುತ್ತಿದ್ದಾಗ ಅವನು ಬೆನ್ನ ಹಿಂದೆ ನಿಂತಿದ್ದ.

ಗೇಟಿನ ಚಿಲಕ ಸದ್ದು ಮಾಡಿರಲಿಲ್ಲ. ಎದುರು ಮನೆಯ ನಾಯಿ ಬೊಗಳಿರಲಿಲ್ಲ. ಹಜಾರದ ತುಂಬ ಒಣಗಲು ಹರವಿದ್ದ ಅವರೆ ಸಿಪ್ಪೆಯನ್ನು ತುಳಿಯದೆ ಒಳಗೆ ಬರಲು ದಾರಿಯೇ ಇರಲಿಲ್ಲ, ಅದೂ ಚರಗುಟ್ಟಿರಲಿಲ್ಲ.

"ಅಯ್ಯೋ ಶಿವನೇ! ಯಾವಾಗ ಬಂದ್ರಿ?" ಸುಮನಾ ಎದೆ ಹಿಡಿದುಕೊಂಡಳು.

"ಆಗ್ಲೇ ಬಂದೆ. ನಿನ್ನ ಪೆಡಲ್ ಹತ್ರ ಒಂದು ಬೋಲ್ಟು ಸಡಿಲ ಆಗಿದೆ ಕಣೇ. ಏಳು ಸಲ ತುಳಿದ್ರೆ ಒಂದು ಸಲ ಟಿಕ್ ಅಂತಿದೆ."

ಎರಡೂವರೆ ತಿಂಗಳ ಮೇಲೆ ಗಂಡನ ಬಾಯಿಂದ ಬಂದ ಮೊದಲ ಮಾತು ಅದು. ಏಳೇಳು ತುಳಿತ ಎಣಿಸುವಷ್ಟು ಹೊತ್ತು ಅವನು ಹಿಂದೆ ನಿಂತೇ ಇದ್ದ ಎಂಬುದು ಅವಳಿಗೆ ಹೊಳೆದದ್ದು ಬಹಳ ತಡವಾಗಿ, ಕಾಫಿ ಸೋಸುವಾಗ.

ರೇಣುಕಪ್ರಸಾದ ನೌಕಾಪಡೆಯಲ್ಲಿ ಪೆಟ್ಟಿ ಆಫೀಸರ್. ನೀರಿನಡಿ ಓಡಾಡುವ ಅಣುಶಕ್ತಿಯ ದೋಣಿಯಲ್ಲಿ ಅವನ ಕೆಲಸ ಕೇಳುವುದು. ಸಖರಾಯಪಟ್ಟಣದ ಕೊಬ್ಬರಿ ವ್ಯಾಪಾರಿ ಜಯದೇವಪ್ಪನವರ ಮಗ, ಹದಿನೆಂಟು ತುಂಬುವವರೆಗೆ ಸಮುದ್ರವನ್ನೇ ಕಂಡಿರದವನು, ಅಂಥ ಕೆಲಸಕ್ಕೆ ಹೇಗೆ ಹೋದ ಎಂದು ಊರಿನವರಿಗೆ ಈಗಲೂ ಸೋಜಿಗ. ಮನೆಯವರಿಗಿರಲಿಲ್ಲ. ಈ ಸೀಮೆಯಲ್ಲಿ ಬಲಿತ ತೆಂಗಿನಕಾಯನ್ನು ಸಿಪ್ಪೆಯ ಸಮೇತ ಅಟ್ಟಕ್ಕೆ ಹಾಕಿ ಹತ್ತು ಹನ್ನೊಂದು ತಿಂಗಳು ಮುಟ್ಟದೆ ಬಿಡುತ್ತಾರೆ. ಒಳಗಿನ ನೀರು ಇಂಗಿ, ತಿರುಳು ಒಣಗಿ, ಚಿಪ್ಪಿನಿಂದ ಬಿಟ್ಟುಕೊಂಡು ಗಿಟುಕಾಗುತ್ತದೆ. ಆಯಿತೋ ಇಲ್ಲವೋ ಎಂದು ಒಡೆದು ನೋಡುವಂತಿಲ್ಲ. ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಬೇಕು. ನೀರು ಇನ್ನೂ ಇದ್ದರೆ ಒಂದು ಸದ್ದು, ಕೊಳೆತಿದ್ದರೆ ಒಂದು, ಗಿಟುಕಾಗಿದ್ದರೆ ಇನ್ನೊಂದು. ಎಂಟನೇ ವಯಸ್ಸಿಗೇ ಪ್ರಸಾದ ಅಪ್ಪನ ಪಕ್ಕ ಕೂತು ಕಾಯಿ ವಿಂಗಡಿಸುತ್ತಿದ್ದ. ಬೇಸಿಗೆಯಲ್ಲಿ ಅಯ್ಯನಕೆರೆಗೆ ಈಜಲು ಹೋದರೆ ಉಳಿದ ಹುಡುಗರು ದಡದಿಂದ ಹಾರುತ್ತಿದ್ದರು. ಇವನು ತಲೆ ಮುಳುಗಿಸಿಕೊಂಡು, ಆಚೆ ದಡದಲ್ಲಿ ಯಾರೋ ಕಲ್ಲಿಗೆ ಕಲ್ಲು ತಾಗಿಸಿದ್ದು ಕಿವಿಯ ಪಕ್ಕದಲ್ಲೇ ಆದಂತೆ ಕೇಳುತ್ತಿದ್ದುದಕ್ಕೆ ಬೆರಗಾಗಿ, ಉಸಿರು ಕಟ್ಟುವವರೆಗೆ ಅಲ್ಲೇ ಇರುತ್ತಿದ್ದ. ಕಡೂರಿನಲ್ಲಿ ಪಿಯುಸಿ ಮುಗಿಸಿ ನೌಕಾಪಡೆಗೆ ಸೇರಿದಾಗ ಅವರು ಅವನ ಕಿವಿಯನ್ನು ಪರೀಕ್ಷೆ ಮಾಡಿದರು. ಆಮೇಲೆ ಬಿಡಲಿಲ್ಲ.

ಈ ಸಲ ಅವನು ನೀರಿನಡಿ ಇದ್ದಾಗ ಅವನ ಅಜ್ಜಿ, ಜಯದೇವಪ್ಪನವರ ತಾಯಿ, ತೀರಿಕೊಂಡಿದ್ದರು. ಅಂಥ ಸುದ್ದಿಯನ್ನು ದೋಣಿ ಬಂದರಿಗೆ ಬರುವವರೆಗೆ ತಿಳಿಸುವುದಿಲ್ಲವಂತೆ. ಹನ್ನೊಂದನೇ ದಿನದ ಗಣಾರಾಧನೆ ಮುಗಿದು, ತಿಂಗಳಾಗಿ, ಅಜ್ಜಿಯ ಮಂಚವನ್ನೂ ಮಠಕ್ಕೆ ಕೊಟ್ಟಾಗಿತ್ತು.

"ನನ್ನ ಲೆಕ್ಕದಲ್ಲಿ ಅವಳು ಹೋಗಿದ್ದು ಹೋದ ಮಂಗಳವಾರ," ಎಂದ ಪ್ರಸಾದ. "ಅಲ್ಲೀತನಕ ಇದ್ಲು. ದಿನಾ ನೆನೆಸ್ಕೊತಿದ್ದೆ, ಈಗ ಎದ್ದಿರ್ತಾಳೆ, ಈಗ ಎಲೆಅಡಿಕೆ ಹಾಕ್ಕೊಂಡಿರ್ತಾಳೆ ಅಂತ."

ಅತ್ತೆ ಮಲ್ಲಿಕಾಂಬ ಸೆರಗಿನಲ್ಲಿ ಕಣ್ಣೊರೆಸಿಕೊಂಡರು. ಸುಮನಾಗೆ ಮಾತ್ರ ಅಜ್ಜಿ ಎಲ್ಲೋ ಒಂದು ಕಡೆ ನಲವತ್ತು ದಿನ ಹೆಚ್ಚಿಗೆ ಬದುಕಿದ್ದಂತೆ ಅನಿಸಿತು.

ಎರಡು ತಿಂಗಳ ರಜೆ. ಮೊದಲ ವಾರದಲ್ಲೇ ಮನೆ ಸದ್ದು ಕಳೆದುಕೊಳ್ಳತೊಡಗಿತು. ಹಳೇ ಟ್ರ್ಯಾಕ್ಟರ್ ಟ್ಯೂಬು ಕತ್ತರಿಸಿ ಮಿಕ್ಸಿಯ ಅಡಿಗೆ ಇಟ್ಟ, ಹೊಲಿಗೆ ಮಷೀನಿನ ನಾಲ್ಕು ಕಾಲಿಗೂ ಇಟ್ಟ. ಬಾಗಿಲ ತಿರುಗಣೆಗೆ ಎಣ್ಣೆ ಬಿಟ್ಟ. ನಲ್ಲಿಯ ತೊಟ್ಟಿಕ್ಕುವಿಕೆ ನಿಂತಿತು. ಪಾತ್ರೆಯ ಗೂಡಿನಲ್ಲಿ ಒಂದೊಂದು ತಟ್ಟೆಯ ನಡುವೆಯೂ ಬಟ್ಟೆಯ ಚೂರು. ಸುಮನಾಗೆ ಆರಂಭದಲ್ಲಿ ಹಿತವೇ ಅನಿಸಿತು. ಮನೆಗೆಲಸ ನೋಡುವ ಗಂಡ ಎಂದರೆ ಯಾರಿಗೆ ಬೇಡ? ಆಮೇಲೆ ಒಂದು ದಿನ ತನ್ನ ಕೈಬಳೆಯನ್ನು ತಾನೇ ಮೊಣಕೈವರೆಗೆ ಏರಿಸಿಕೊಂಡು ಅಕ್ಕಿ ಆರಿಸುತ್ತಿದ್ದುದು ಗಮನಕ್ಕೆ ಬಂತು. ಯಾರೂ ಹೇಳಿರಲಿಲ್ಲ. ಸದ್ದಾದೀತು ಎಂದು ಕೈಯೇ ಹಾಗೆ ಮಾಡಿತ್ತು.

ಐದು ವರ್ಷದ ಮಗಳು ದೀಪಶ್ರೀ ಮಾತ್ರ ಅಪ್ಪನಿಗೆ ಅಂಟಿಕೊಂಡುಬಿಟ್ಟಳು. ಅವಳಿಗಾಗಿ ಪ್ರಸಾದ ಬೋಟಿನ ಆಟ ಕಟ್ಟಿದ. ಗೆಜ್ಜೆ ಬಿಚ್ಚಿಟ್ಟು, ಎಲ್ಲಾದರೂ ಅಡಗಿ ಕೂರಬೇಕು. ಹೆಜ್ಜೆ ಕೇಳಿಯೇ ಯಾರು ಬಂದರು ಎಂದು ಗುರುತಿಸಬೇಕು. ಯಾರು ಕರೆದರೂ ಓಗೊಡಬಾರದು. ಬೋಟು ಯಾರ ಕರೆಗೂ ಓಗೊಡುವುದಿಲ್ಲ.

"ಅಜ್ಜಿ ಎಡಗಾಲು ಎಳೀತಾಳೆ. ಮಂಡಿ ಒಳಗೆ ಕಟಕ್ ಅನ್ನತ್ತೆ," ಎನ್ನುತ್ತಿದ್ದಳು ಮಗು, ಆಟ ಮುಗಿದ ಮೇಲೆ, ಪಿಸುದನಿಯಲ್ಲಿ.

"ನೋಡು ಮತ್ತೆ! ಡಾಕ್ಟ್ರಿಗೂ ಕೇಳಿಸ್ದೇ ಇದ್ದಿದ್ದು ನಿನಗೆ ಕೇಳಿಸ್ತು," ಎಂದು ಮಲ್ಲಿಕಾಂಬ ಲಟಿಕೆ ಮುರಿದರು.

ಸಂಜೆ ಜಗಲಿಯ ಮೇಲೆ ನೆರೆಯವರು ಸೇರುತ್ತಿದ್ದರು. ಎದುರಿನ ಹಿಟ್ಟಿನ ಗಿರಣಿಯ ಉಗ್ರಪ್ಪ ಪ್ರಸಾದನ ಜೊತೆ ಓದಿದವನು, ಬಂದವನೇ ಕಾಲೆಳೆದ.

"ಲೇ ಪ್ರಸಾದ, ಅಣು ಒಲೆ ಪಕ್ಕದಲ್ಲೇ ಮಲಗ್ತಿದ್ಯಂತಲ್ಲೋ. ಕತ್ತಲಲ್ಲಿ ಮೈ ಬೆಳಗಲ್ವಾ? ನಮ್ ಬೀದಿ ಲೈಟು ಕೆಟ್ಟು ಮೂರು ತಿಂಗಳಾಯ್ತು. ಕಂಬಕ್ಕೆ ನಿನ್ನೇ ಕಟ್ಟಾಕಿಬಿಡ್ತೀವಿ."

ಪ್ರಸಾದ ನಕ್ಕ. ಆ ನಗುವಿಗೂ ಸದ್ದಿರಲಿಲ್ಲ.

"ಅದೇನು ಹಡಗೋ, ನೆಟ್ಟಗೆ ಹೇಳಪ್ಪ," ಎಂದರು ಜಯದೇವಪ್ಪ. "ಎಪ್ಪತ್ತು ದಿನ ನೀರೊಳಗೆ ಉಸಿರಾಡೋದು ಹೆಂಗೆ?"

ಪ್ರಸಾದ ಮೂಲೆಯಲ್ಲಿದ್ದ ಒಂದು ಕಾಯಿ ಎತ್ತಿಕೊಂಡ. "ಪೇಪರಲ್ಲಿ ಬಂದಿರೋ ಅಷ್ಟನ್ನ ಹೇಳ್ತೀನಿ. ಇದೇ ಬೋಟು ಅಂದ್ಕೊ ಅಪ್ಪ. ಸಿಪ್ಪೆ ಹೊರಗಿನ ಮೈ. ಒಳಗಿನ ಚಿಪ್ಪು ಉಕ್ಕು. ನೀರಿನ ಭಾರ ತಡೆಯೋದು ಅದು. ಎರಡರ ಮಧ್ಯೆ ನೀರು ಬಿಟ್ಕೊಂಡ್ರೆ ಮುಳುಗತ್ತೆ, ಗಾಳಿ ಊದಿ ನೀರು ಆಚೆ ತಳ್ಳಿದ್ರೆ ಏಳತ್ತೆ. ನಾವೆಲ್ಲ ಚಿಪ್ಪಿನ ಒಳಗೆ. ಡೀಸೆಲ್ ಬೋಟಿಗೆ ಇಂಜಿನ್ ಓಡಿಸೋಕೆ ಗಾಳಿ ಬೇಕು, ಕೆಲವು ದಿನಕ್ಕೊಂದು ಸಲ ಮೂಗು ಮೇಲೆತ್ತಲೇಬೇಕು. ನಮ್ಮದಕ್ಕೆ ಬೇಡ. ಅಣು ಒಲೆ ನೀರು ಕಾಯಿಸತ್ತೆ, ಹಬೆ ಟರ್ಬೈನ್ ತಿರುಗಿಸತ್ತೆ. ಓಟಕ್ಕೂ ಅದೇ, ಕರೆಂಟಿಗೂ ಅದೇ. ಒಂದು ಸಲ ಸೌದೆ ಒಟ್ಟಿದ್ರೆ ವರ್ಷಗಟ್ಟಲೆ ಉರಿಯತ್ತೆ. ಸಮುದ್ರದ ನೀರನ್ನೇ ಭಟ್ಟಿ ಇಳಿಸಿ ಕುಡಿಯೋದು, ಅದನ್ನೇ ಕರೆಂಟಲ್ಲಿ ಒಡೆದು ಉಸಿರಾಡೋದು. ನಾವು ಬಿಟ್ಟ ಉಸಿರನ್ನ ಇನ್ನೊಂದು ಮಷೀನು ಹೀರ್ಕೊಳತ್ತೆ."

"ಹಂಗಾದ್ರೆ ಮೇಲಕ್ಕೆ ಬರೋದಾದ್ರೂ ಯಾಕೋ?"

"ಅಕ್ಕಿ ಬೇಳೆ ಮುಗಿದುಹೋಗತ್ತಲ್ಲ."

ಎಲ್ಲರೂ ನಕ್ಕರು. ಉಗ್ರಪ್ಪ ಬಿಡಲಿಲ್ಲ: "ಒಂದು ಗುಂಡಿ ಒತ್ತಿದ್ರೆ ಒಂದು ಊರೇ ಬೂದಿ ಅಂತಾರಲ್ಲ?"

"ಅದು ಬೇರೆ ಥರದ್ದು. ನಮ್ಮದು ಬೇಟೆ ಬೋಟು. ಬೇರೆ ಬೋಟಿನ ಹಿಂದೆ ಬೀಳೋದು. ಅದಕ್ಕೆ ಗೊತ್ತೇ ಆಗದ ಹಾಗೆ ವಾರಗಟ್ಟಲೆ ಅದರ ಬೆನ್ನಿಗೇ ಇರೋದು. ಮೂತೀಲಿ ಟಾರ್ಪೆಡೊ ಕೊಳವೆ ಇರ್ತವೆ, ಅಪ್ಪಣೆ ಬಂದ್ರೆ ಬಿಡೋದು. ಬೇಕು ಅಂದ್ರೆ ನಮ್ಮ ಕಡೂರು ಬಸ್ಸಿನಷ್ಟೇ ಜೋರಾಗಿ ಓಡತ್ತೆ. ಆದ್ರೆ ಓಡಿದ್ರೆ ಸದ್ದು. ಸದ್ದಾದ್ರೆ ಬೇಟೆ ನಾವೇ." ಕಾಯನ್ನು ಅಂಗೈಯಲ್ಲಿ ತಿರುಗಿಸಿದ. "ಅದಕ್ಕೇ ಪಂಪು, ಟರ್ಬೈನು, ಯಾವುದೂ ಚಿಪ್ಪಿಗೆ ತಾಗಂಗಿಲ್ಲ. ಎಲ್ಲಾನೂ ದೊಡ್ಡ ತೆಪ್ಪದ ಮೇಲೆ ಇಟ್ಟು, ತೆಪ್ಪಾನ ರಬ್ಬರಿನ ಮೇಲೆ ಕೂರಿಸಿರ್ತಾರೆ. ಹೊರಮೈಗೆ ದಪ್ಪ ರಬ್ಬರ್ ಹಲಗೆ ಅಂಟಿಸಿರ್ತಾರೆ, ಈ ಸಿಪ್ಪೆ ಥರಾನೇ. ಒಳಗಿನ ಸದ್ದು ಆಚೆ ಬಿಡಲ್ಲ, ಹೊರಗಿನವರು ಸದ್ದು ಎಸೆದು ಹುಡುಕಿದ್ರೆ ಅದನ್ನೂ ನುಂಗಿಬಿಡತ್ತೆ. ಒಂದು ಚಮಚ ಬೀಳಂಗಿಲ್ಲ."

ಜಯದೇವಪ್ಪ ಕಾಯನ್ನು ಇಸಕೊಂಡು ಅಭ್ಯಾಸಬಲದಿಂದ ಕಿವಿಯ ಹತ್ತಿರ ಅಲ್ಲಾಡಿಸಿದರು. ಒಳಗೆ ಗಿಟುಕು ಗುಡುಗುಡಿಸಿತು. "ನಮಗೆ ಅಲ್ಲಾಡಿಸಿದ್ರೆ ಸದ್ದು ಬರಬೇಕು ಕಣಪ್ಪ. ಬಂದ್ರೇ ಬೆಲೆ."

"ನಮಗೆ ಬಂದ್ರೆ ಸಾವು," ಎಂದ ಪ್ರಸಾದ.

ಆಗ ಕಂಬದ ಮರೆಯಲ್ಲಿ ಏನೋ ಬೆಳ್ಳಗೆ ಕಂಡು ಸುಮನಾ ಬೆಚ್ಚಿದಳು. ದೀಪು. ಮೊಣಕಾಲಿಗೆ ಗಲ್ಲ ಊರಿ ಕೂತಿದ್ದಳು. ಯಾವಾಗ ಬಂದಳೋ, ಎಷ್ಟು ಹೊತ್ತಾಯಿತೋ, ಜಗಲಿಯ ಮೇಲಿದ್ದ ಐದು ಜನರಲ್ಲಿ ಒಬ್ಬರಿಗೂ ತಿಳಿದಿರಲಿಲ್ಲ.

ಪ್ರಸಾದನಿಗೆ ಇನ್ನೊಂದು ಅಭ್ಯಾಸ ಅಂಟಿಕೊಂಡು ಬಂದಿತ್ತು. ನಡೆಯುತ್ತ ನಡೆಯುತ್ತ ತಟ್ಟನೆ ನಿಲ್ಲುತ್ತಿದ್ದ. ಪೂರ್ತಿ ಹಿಂದಕ್ಕೆ ತಿರುಗುತ್ತಿದ್ದ. ಕಣ್ಣು ಏನನ್ನೂ ನೋಡುತ್ತಿರಲಿಲ್ಲ. ಸುಮ್ಮನೆ ನಿಂತು, ಮತ್ತೆ ತಿರುಗಿ ನಡೆಯುತ್ತಿದ್ದ. ಸಂತೆಯಲ್ಲೂ ಹಾಗೆ, ಮಠದ ಅಂಗಳದಲ್ಲೂ ಹಾಗೆ. ಗಾಳಿ ಸೋಕಿದೆ ಎಂದು ಹೆಂಗಸರು ಪಿಸುಗುಟ್ಟಿದರು. ಮಲ್ಲಿಕಾಂಬ ಸ್ವಾಮಿಗಳಿಂದ ವಿಭೂತಿ ಗಟ್ಟಿ ತಂದು ದಿಂಬಿನಡಿ ಇಟ್ಟರು.

ಒಂದು ಬೆಳಗ್ಗೆ ಅಯ್ಯನಕೆರೆಯ ದಾರಿಯಲ್ಲಿ ಅವನು ಹಾಗೆ ನಿಂತಾಗ ಸುಮನಾ ಕೇಳಿಯೇಬಿಟ್ಟಳು: "ಏನ್ರೀ ಅದು? ಯಾರಿದ್ದಾರೆ ಹಿಂದೆ?"

ಬಿಸಿಲು ನೆತ್ತಿಗೇರಿರಲಿಲ್ಲ. ಎರಡೂ ಕಡೆ ತೆಂಗಿನ ತೋಟ, ನಡುವೆ ಬರಿಯ ದಾರಿ.

"ಬೋಟಿಗೆ ಹಿಂದೆ ಕಿವಿ ಇಲ್ಲ," ಎಂದ. "ಮೂತಿ ಕಡೆ, ಪಕ್ಕೆ ಕಡೆ ಕೇಳತ್ತೆ. ಬೆನ್ನಿಗೆ ನಮ್ಮದೇ ಪ್ರೊಪೆಲರ್ ಸದ್ದು, ಅಲ್ಲಿ ಕಿವುಡು. ನಾವು ಬೇರೆಯವರ ಬೆನ್ನಿಗೆ ಬೀಳೋದು ಅಲ್ಲೇ. ನಮ್ಮ ಬೆನ್ನಿಗೂ ಯಾರಾದ್ರೂ ಬಿದ್ದಿರಬಹುದಲ್ಲ? ಅದಕ್ಕೆ ಆಗಾಗ ತಿರುಗಿ ನಿಂತು ಕೇಳಬೇಕು."

"ಯಾರಾದ್ರೂ ಸಿಕ್ಕಿದ್ರಾ?"

ಅವನು ನೆಲ ನೋಡುತ್ತ ಹೇಳಿದ: "ನಲವತ್ತೊಂದನೇ ದಿನ ತಿರುಗಿದಾಗ ಗೆಜ್ಜೆ ಸದ್ದು ಕೇಳಿಸ್ತು. ಮಕ್ಕಳ ಗೆಜ್ಜೆ. ನಡೀತಿರೋ ಹಾಗಲ್ಲ, ಕಾಲು ಇಳಿಬಿಟ್ಟು ಕೂತು ಅಲ್ಲಾಡಿಸ್ತಾರಲ್ಲ, ಹಾಗೆ. ಮೂರು ದಿನ ಬಂತು. ನಾವು ನಿಧಾನ ಮಾಡಿದ್ರೆ ನಿಧಾನ. ಸೀಗಡಿ ಹಿಂಡು ಹಾಗೆ ಚಟಪಟ ಅನ್ನೋದುಂಟು. ಸೀಗಡಿ ಅಂತಾನೇ ಬರೆದೆ. ಅಧಿಕಾರಿಗಳೂ ಕೇಳಿ ಸೀಗಡಿನೇ ಅಂದ್ರು." ಮತ್ತೆ ದಾರಿಗೆ ತಿರುಗಿ, "ಸೀಗಡಿ ಅಷ್ಟು ಆಳದಲ್ಲಿ ಇರಲ್ಲ ಸುಮಿ," ಎಂದ.

ಮಗಳ ಗೆಜ್ಜೆಯನ್ನು ಬಿಚ್ಚಿಸಿದ್ದೇಕೆಂದು ಅವಳಿಗೆ ಆಗ ಗೊತ್ತಾಯಿತು. ಮನೆ ತಲುಪುವ ಮುಂಚೆ ತಾನೂ ಎರಡು ಸಲ ಹಿಂತಿರುಗಿ ನೋಡಿದ್ದು ಅವಳಿಗೆ ನಾಚಿಕೆಯೆನಿಸಿತು.

ಅವಳ ನಿಜವಾದ ಭಯ ಆ ಗುರುವಾರ ಶುರುವಾಯಿತು. ಶಾಲೆಯ ಮಾಲಿನಿ ಟೀಚರ್ ರವಿಕೆಯ ಅಳತೆ ಕೊಡಲು ಬಂದವರು ಬಾಗಿಲಲ್ಲೇ ದನಿ ತಗ್ಗಿಸಿದರು: "ಸುಮನಾ, ದೀಪು ಹಾಜರಿ ಕರೆದ್ರೆ ಎಸ್ ಮಿಸ್ ಅನ್ನಲ್ಲ ಕಣ್ರೀ. ಎದುರಿಗೇ ಕೂತಿರ್ತಾಳೆ, ನನ್ನೇ ನೋಡ್ತಿರ್ತಾಳೆ. ಮೂರು ದಿನ ಆಬ್ಸೆಂಟ್ ಹಾಕಿಬಿಟ್ಟಿದ್ದೆ. ಮಕ್ಕಳು ಹೇಳಿದ ಮೇಲೇ ಗೊತ್ತಾಯ್ತು."

ಸುಮನಾ ಅಂದಿನಿಂದ ಎಣಿಸತೊಡಗಿದಳು. ಶುಕ್ರವಾರ ಮಗಳು ಆಡಿದ ಮಾತು ಹನ್ನೊಂದು. ಶನಿವಾರ ನಾಲ್ಕು. ಭಾನುವಾರ ಬೆಳಗ್ಗೆ ದೋಸೆ ಬೇಕಾ ಎಂದರೆ ತಲೆಯಾಡಿಸಿದಳು, ಅಷ್ಟೇ. ಮನೆಯಲ್ಲಿ ಎಲ್ಲೆಂದರಲ್ಲಿ ಇರುತ್ತಿದ್ದಳು. ಬಾಗಿಲ ಸಂದಿಯಲ್ಲಿ, ಮಂಚದಡಿ, ಅಕ್ಕಿ ಡ್ರಮ್ಮಿನ ಹಿಂದೆ. ಅಲ್ಲಿದ್ದಾಳೆ ಎಂದು ತಿಳಿಯುವುದು ಕಾಲು ತಾಗಿದಾಗಲೇ. ಮಗು ಕಣ್ಣೆದುರೇ ಕರಗುತ್ತಿದೆ, ಇನ್ನೊಂದು ವಾರ ಬಿಟ್ಟರೆ ಮುಟ್ಟಿದರೂ ಸಿಗಲಾರಳು ಎಂದು ತಾಯಿಗೆ ಅನಿಸಿತು.

"ಆಟ ನಿಲ್ಸಿ," ಎಂದಳು ಗಂಡನಿಗೆ. "ಇವತ್ತೇ ನಿಲ್ಸಿ. ನನಗೆ ನನ್ನ ಮಗಳ ಬಾಯಿ ಬೇಕು."

ಪ್ರಸಾದ ಮಗಳನ್ನು ತೊಡೆಯ ಮೇಲೆ ಕೂರಿಸಿಕೊಂಡ. "ಪುಟ್ಟಿ, ಆಟ ಮುಗೀತು. ಇನ್ಮೇಲೆ ಜೋರಾಗಿ ಮಾತಾಡ್ಬಹುದು, ಆಯ್ತಾ?"

ಮಗು ಅವನ ಕಿವಿಗೆ ಬಾಯಿಟ್ಟು ಪಿಸುಗುಟ್ಟಿತು. ಅವನ ಮುಖ ಬಿಳಿಚಿತು.

"ಏನಂದ್ಲು?"

"ಮೋಸ ಮಾಡೋಕೆ ಶತ್ರುಗಳು ಹಂಗಂತಾರೆ ಅಂತ ನೀನೇ ಹೇಳಿದ್ಯಲ್ಲ ಅಂತಾಳೆ. ಬೋಟು ಮೇಲೆ ಬರಬೇಕು ಅಂದ್ರೆ ಕ್ಯಾಪ್ಟನ್ ಹೇಳಬೇಕಂತೆ."

"ಕ್ಯಾಪ್ಟನ್ ನೀವೇ ತಾನೆ? ಹೇಳಿ."

"ಅಲ್ಲ ಕಣೇ. ಮೊದಲನೇ ದಿನ ಖುಷಿಯಾಗ್ಲಿ ಅಂತ ಅವಳನ್ನೇ ಕ್ಯಾಪ್ಟನ್ ಮಾಡ್ಬಿಟ್ಟಿದ್ದೆ."

ಸೋಮವಾರ ಶಾಲೆಗೆ ರಜೆ. ತನ್ನ ಎರಡು ತಿಂಗಳ ರಜೆ ಮುಗಿಯುತ್ತ ಬಂದಿದ್ದರಿಂದ ಪ್ರಸಾದ ರೈಲಿನ ಟಿಕೆಟ್ಟಿಗೆ ಕಡೂರಿಗೆ ಹೋಗಿದ್ದ. ಹತ್ತು ಗಂಟೆಗೆ ತೋಟದಿಂದ ಟ್ರ್ಯಾಕ್ಟರ್ ತುಂಬ ಹೊಸ ಕಾಯಿ ಬಂತು. ಮನೆಯ ಹಿಂದೆ ಹೆಂಚಿನ ಕೊಟ್ಟಿಗೆ. ಅದರ ಮೇಲರ್ಧ ಕಾಯಿ ಅಟ್ಟ. ಮೂರು ಅಂಕಣ, ನೆಲಕ್ಕೆ ಅಡಿಕೆ ಮರದ ದಬ್ಬೆ, ಒಳಗೆ ಸದಾ ಕತ್ತಲೆ. ಹೋದ ವರ್ಷದ ಕಾಯಿ ಅರ್ಧ ಎತ್ತರ ಹಾಗೇ ಇತ್ತು. ಕೂಲಿಯ ತೀರ್ಥಪ್ಪ ಏಣಿಯ ಮೇಲೆ ನಿಂತು, ಕೆಳಗಿನಿಂದ ಬಂದ ಮಂಕರಿಗಳನ್ನು ಅಟ್ಟದ ಬಾಯಿಗೆ ಒಂದೇ ಸಮನೆ ಸುರಿಯುತ್ತಿದ್ದ. ದಡದಡ ಸದ್ದು ಹೊಲಿಗೆ ಮಷೀನಿನವರೆಗೂ ಕೇಳುತ್ತಿತ್ತು. ಎಷ್ಟೋ ದಿನದ ಮೇಲೆ ಮನೆಯಲ್ಲಿ ಸದ್ದು ಎಂದು ಸುಮನಾಗೆ ಹಿತವಾಗಿಯೇ ಇತ್ತು.

ಹನ್ನೆರಡೂವರೆಗೆ ಊಟಕ್ಕೆ ಕರೆದಳು. ಮಗು ಬರಲಿಲ್ಲ.

ಮಂಚದಡಿ, ಬಾಗಿಲ ಸಂದಿ, ಡ್ರಮ್ಮಿನ ಹಿಂದೆ ಎಲ್ಲ ಕಡೆ ನೋಡಿದಳು. ಅತ್ತೆ ಬಚ್ಚಲು ಹುಡುಕಿದರು. ಹಿತ್ತಲು, ಬೀದಿ, ಉಗ್ರಪ್ಪನ ಗಿರಣಿ. "ದೀಪೂ!" ಎಂದು ಎಲ್ಲರೂ ಕೂಗುತ್ತಿದ್ದಂತೆ ಸುಮನಾಗೆ ಹೊಳೆಯಿತು: ಕೂಗಿದಷ್ಟೂ ಅವಳು ಬಾಯಿ ಬಿಗಿ ಹಿಡಿಯುತ್ತಾಳೆ. ಈ ಊರಿನಲ್ಲಿ ಎಲ್ಲಿದ್ದರೂ, ಯಾವ ಬಾವಿಯ ಅಂಚಿನಲ್ಲಿದ್ದರೂ, ತಾಯಿಯ ಕೂಗಿಗೆ ಅವಳು ಓಗೊಡುವುದಿಲ್ಲ.

ಒಂದು ಗಂಟೆಯ ಬಸ್ಸಿಗೆ ಪ್ರಸಾದ ಬಂದಾಗ ಬೀದಿಯಲ್ಲಿ ಮೂವತ್ತು ನಲವತ್ತು ಜನ. ಅವನು ಏನನ್ನೂ ಕೇಳಲಿಲ್ಲ. ಕೈಯೆತ್ತಿದ.

"ಉಗ್ರಪ್ಪ, ಗಿರಣಿ ನಿಲ್ಸು. ಟಿವಿ, ಮೋಟ್ರು, ಎಲ್ಲಾ ಆರಿಸಿ. ತೀರ್ಥಪ್ಪ, ಕಾಯಿ ಹಾಕ್ಬೇಡ. ಯಾರೂ ನಿಂತ ಕಾಲು ಕದಲಿಸ್ಬೇಡಿ."

ಗಿರಣಿಯ ಬೆಲ್ಟು ಸುತ್ತಿ ಸುತ್ತಿ ನಿಂತ ಮೇಲೆ ಸಖರಾಯಪಟ್ಟಣದ ಆ ಬೀದಿಯಲ್ಲಿ, ಮಟಮಟ ಮಧ್ಯಾಹ್ನದ ಬಿಸಿಲಿನಲ್ಲಿ, ಹಿಂದೆಂದೂ ಇರದಂಥ ಮೌನ ಇಳಿಯಿತು. ಕಂಕುಳ ಕೂಸಿನ ಬಾಯಿಗೆ ತಾಯಿ ಮೊಲೆ ಕೊಟ್ಟಳು. ಒಬ್ಬ ಮುದುಕ ಕೆಮ್ಮನ್ನು ಟವೆಲ್ಲಿನಲ್ಲಿ ಅದುಮಿಕೊಂಡ. ಹಗಲಿನಲ್ಲಿ ಅಷ್ಟು ಜನ ಬೊಂಬೆಗಳಂತೆ ನಿಂತದ್ದನ್ನು ಕಂಡು ನಾಯಿ ಬಾಲ ಮುದುರಿ ಚರಂಡಿಗಿಳಿಯಿತು. ಹಿತ್ತಿಲ ನಡುವೆ ಪ್ರಸಾದ ಕಣ್ಣು ಮುಚ್ಚಿ ನಿಂತು, ಗಡಿಯಾರದ ಮುಳ್ಳಿನಂತೆ ಸ್ವಲ್ಪ ಸ್ವಲ್ಪವೇ ತಿರುಗತೊಡಗಿದ. ಒಂದು ಸುತ್ತು. ಇನ್ನೊಂದು ಸುತ್ತು. ಸುಮನಾ ಅವನ ಮುಖವನ್ನೇ ನೋಡುತ್ತಿದ್ದಳು. ಕಣ್ಣು ತೆರೆದಾಗ ಆ ಮುಖ ಸೋತಿತ್ತು.

"ಕೇಳಿಸ್ತಿಲ್ಲ ಸುಮಿ. ಮೂವತ್ತು ಮೈಲಿ ಆಚೆ ಹೋಗೋ ಹಡಗಿನ ಪ್ರೊಪೆಲರ್ ರೆಕ್ಕೆ ಎಣಿಸಿದೀನಿ. ನನ್ನ ಮಗಳ ಉಸಿರು ಕೇಳಿಸ್ತಿಲ್ಲ."

"ಮತ್ತೆ ಕೇಳಿ," ಎಂದಳು ಸುಮನಾ. ಹಲ್ಲು ಕಚ್ಚಿ ಹೇಳಿದಳು. "ಎಲ್ಲೆಲ್ಲಿ ಏನೇನು ಕೇಳಿಸ್ತಿದೆ ಹೇಳಿ ನನಗೆ."

ಅವನು ಮತ್ತೆ ಕಣ್ಣು ಮುಚ್ಚಿದ. "ಈ ಕಡೆ ಉಗ್ರಪ್ಪನ ಹಿಟ್ಟಿನ ಡಬ್ಬದಲ್ಲಿ ನೊಣ. ಇಲ್ಲಿ ನಿಮ್ಮತ್ತೆ ಮಂಡಿ. ಈ ಕಡೆ ಬಾವಿ, ಕಪ್ಪೆ ಒಂದು. ತೋಟ, ಗರಿ ಸದ್ದು. ಈ ಕಡೆ..." ತಡೆದ. "ಈ ಕಡೆ ಏನೂ ಇಲ್ಲ. ಇಲೀನೂ ಇಲ್ಲ. ಬರೀ ತೂತು."

ಅವನ ಮುಖವಿದ್ದದ್ದು ಕಾಯಿ ಅಟ್ಟದ ಕಡೆಗೆ. ಹಗಲೂ ರಾತ್ರಿ ಇಲಿ ಪರಪರ ಅನ್ನುವ ಜಾಗ.

"ತುಂಬ ಚೆನ್ನಾಗಿ ಅಡಗಿರೋ ಬೋಟು ಹಾಗೇ ಸಿಗೋದು," ಎಂದು ಅವನು ತನಗೆ ತಾನೇ ಹೇಳಿಕೊಳ್ಳುವಷ್ಟರಲ್ಲಿ ಸುಮನಾ ಏಣಿ ಹತ್ತಿಯಾಗಿತ್ತು.

ಅಟ್ಟದ ಬಾಯಿಂದ ಹಬೆಯಂಥ ಬಿಸಿ ಮುಖಕ್ಕೆ ರಾಚಿತು. ಎದೆಯೆತ್ತರಕ್ಕೆ ಕಾಯಿ. ಮೂರು ತಾಸು ಸುರಿದ ರಾಶಿ ಮೂರು ಅಂಕಣಕ್ಕೂ ಹರಡಿತ್ತು. ತೀರ್ಥಪ್ಪ ಹಣೆ ಚಚ್ಚಿಕೊಂಡ: "ಅಯ್ಯೋ ಯಜಮಾನ್ರೇ, ನಾನೇ ಸುರಿದ್ನಲ್ಲಪ್ಪೋ! ಒಂದು ಸಲ ಕೂಗಿದ್ರೂ ಕೈ ನಿಲ್ಲಿಸ್ತಿದ್ನಲ್ಲ!" ಎಂದವನೇ ಕಾಯಿ ಬಾಚಲು ಹೋದ.

"ಮುಟ್ಬೇಡ್ವೋ!" ಜಯದೇವಪ್ಪ ಎಪ್ಪತ್ತರ ವಯಸ್ಸಿನಲ್ಲಿ ಏಣಿ ಹತ್ತಿ ಬಂದಿದ್ದರು. "ಒಂದು ಕಿತ್ರೆ ನೂರು ಜಾರ್ತವೆ. ಮೊದ್ಲು ಎಲ್ಲಿ ಅಂತ ಗೊತ್ತಾಗ್ಲಿ."

ಅವರು ಒಂದು ಕಾಯಿ ತೆಗೆದುಕೊಂಡು ಮೊದಲನೇ ಅಂಕಣದ ರಾಶಿಯ ಮೇಲೆ ಮೆಲ್ಲಗೆ ಎಸೆದರು. ತಲೆ ಓರೆ ಮಾಡಿ ಕೇಳಿದರು. ದುಬ್. ಒಂದು ಮೊಳ ಆಚೆ ಇನ್ನೊಂದು. ದುಬ್. ಐವತ್ತು ವರ್ಷ ಕಾಯಿಯ ಒಳಗನ್ನು ಸದ್ದಿನಲ್ಲೇ ನೋಡಿದ ಮನುಷ್ಯ ಈಗ ರಾಶಿಯ ಒಳಗನ್ನು ನೋಡುತ್ತಿದ್ದರು. ಎರಡನೇ ಅಂಕಣ, ಎಲ್ಲ ಕಡೆ ದುಬ್. ಮೂರನೇ ಅಂಕಣದ ಮೂಲೆ, ಗೋಡೆಯ ಪಕ್ಕ. ದೊಬ್.

"ಅಲ್ಲಿ," ಎಂದ ಪ್ರಸಾದ, ಏಣಿಯ ಮೇಲಿನಿಂದ.

"ಪೊಳ್ಳು ಐತೆ," ಎಂದರು ಜಯದೇವಪ್ಪ, ಅದೇ ಉಸಿರಿನಲ್ಲಿ.

ಮೇಲಿನಿಂದ ಒಂದೊಂದೇ ಕಾಯಿ ಎತ್ತಿ ಕೈಯಿಂದ ಕೈಗೆ ಸಾಗಿಸಿದರು. ಅಟ್ಟದಿಂದ ಏಣಿಗೆ, ಏಣಿಯಿಂದ ಹಿತ್ತಿಲಿಗೆ, ಬೀದಿಯವರೆಗೆ ಜನರ ಸಾಲು. ನೂರು ಕಾಯಿ, ಇನ್ನೂರು ಕಾಯಿ. ಸುಮನಾಳ ಉಗುರು ಕಿತ್ತು ರಕ್ತ ಬರುತ್ತಿತ್ತು. ಕೊನೆಗೆ ಒಂದು ಕಾಯಿ ತೆಗೆದಾಗ ಅದರ ಹಿಂದೆ ಒಂದು ಕಣ್ಣು ಕಂಡಿತು. ತೆರೆದ ಕಣ್ಣು. ರೆಪ್ಪೆ ಹೊಡೆಯದೆ ಅವಳನ್ನೇ ನೋಡುತ್ತಿತ್ತು.

ಹಳೇ ರಾಶಿಗೂ ಗೋಡೆಗೂ ನಡುವಿನ ಸಂದಿಯಲ್ಲಿ ಮಗು ಮೊಣಕಾಲಿಗೆ ಗಲ್ಲ ಊರಿ ಕೂತಿತ್ತು. ಹೊಸ ಕಾಯಿ ಒಂದಕ್ಕೊಂದು ಆನಿಕೊಂಡು ತಲೆಯ ಮೇಲೆ ಮಾಡಿನಂತೆ ನಿಂತಿದ್ದವು. ಇನ್ನು ಹತ್ತು ಮಂಕರಿ ಬಿದ್ದಿದ್ದರೆ ನಿಲ್ಲುತ್ತಿರಲಿಲ್ಲ. ಕೂದಲು ನೆನೆದು ಹಣೆಗೆ ಅಂಟಿತ್ತು. ಮೈ ಕೆಂಡ. ತನ್ನ ಬಾಯನ್ನು ತಾನೇ ಎರಡೂ ಅಂಗೈಯಿಂದ ಬಿಗಿಯಾಗಿ ಮುಚ್ಚಿಕೊಂಡಿತ್ತು.

ಹಿತ್ತಿಲಿಗೆ ಇಳಿಸಿ, ನೀರು ಚಿಮುಕಿಸಿ, ಮಜ್ಜಿಗೆ ಬಾಯಿಗಿಟ್ಟರು. ಕುಡಿಯಿತು. ಕಣ್ಣು ಮುಖದಿಂದ ಮುಖಕ್ಕೆ ಹೋಗುತ್ತಿತ್ತು, ಯಾರ ಮೇಲೂ ನಿಲ್ಲುತ್ತಿರಲಿಲ್ಲ. ಕರೆದರೆ ಕೇಳುತ್ತಿದ್ದಳು; ಕೇಳುತ್ತಿದ್ದಳು ಅಷ್ಟೇ. ನಲವತ್ತು ಜನರ ನಡುವೆ, ಬಿಸಿಲಿನಲ್ಲಿ, ಅವಳು ಇನ್ನೂ ಎಲ್ಲೋ ಆಳದಲ್ಲಿದ್ದಳು.

ಪ್ರಸಾದ ಮಗಳೆದುರು ಮಣ್ಣಿನಲ್ಲಿ ಮಂಡಿಯೂರಿದ. "ಕ್ಯಾಪ್ಟನ್, ಮೇಲೆ ಬನ್ನಿ," ಎಂದ. "ಪುಟ್ಟಿ, ಅಪ್ಪ ಸೋತ. ಅಪ್ಪನಿಗೆ ನೀನು ಸಿಗಲೇ ಇಲ್ಲ. ಮಾತಾಡು ಕಂದ."

ಮಗು ತಲೆಯನ್ನು ಸ್ವಲ್ಪ ಓರೆ ಮಾಡಿ, ಅವನ ಹಿಂದಿನ ಗಾಳಿಯನ್ನು ಆಲಿಸಿತು.

ಸುಮನಾ ನೋಡುತ್ತಿದ್ದಳು. ಬೀರೂರಿನ ಆಸ್ಪತ್ರೆಯಲ್ಲಿ ಹುಟ್ಟಿದ ಕೂಡಲೇ ಇದೇ ಮಗು ಅತ್ತಿರಲಿಲ್ಲ. ದಾದಿ ಮಾತಿಲ್ಲದೆ ಅಂಗಾಲಿಗೆ ಪಟ್ಟೆಂದು ಹೊಡೆದು ಅಳಿಸಿದ್ದಳು. ಸುಮನಾಗೆ ಇನ್ನು ಯೋಚನೆ ಬೇಕಾಗಲಿಲ್ಲ. "ಬಿಡಿ ಇತ್ಲಾಗೆ," ಎಂದು ಗಂಡನನ್ನು ತಳ್ಳಿ, ಮಗಳನ್ನು ಮಡಿಲಿಗೆಳೆದುಕೊಂಡು, ತೊಡೆಯ ಎಳೇ ಮಾಂಸವನ್ನು ಹೆಬ್ಬೆರಳು ತೋರುಬೆರಳಲ್ಲಿ ಹಿಡಿದು, ಶಕ್ತಿಯಿದ್ದಷ್ಟೂ ಹಿಂಡಿದಳು. ಹಿಂಡಿ ಬಿಡಲಿಲ್ಲ.

ಮಗುವಿನ ಮುಖ ಮೊದಲು ಅಚ್ಚರಿಯಿಂದ ಅರಳಿತು. ಆಮೇಲೆ ತುಟಿ ನಡುಗಿತು. ಆಮೇಲೆ ಬಾಯಿ ತೆರೆಯಿತು.

ಆ ಅಳು ಹಿತ್ತಿಲ ಗೋಡೆಗೆ ಬಡಿದು ಬೀದಿಗೆ ಹಾರಿತು. "ಅಮ್ಮಾ, ನೋಯತ್ತೇ! ಬಿಡೇ!" ಎಂದು ದೀಪು ಕಿರುಚಿದಳು. ಕಾಲು ಬಡಿದಳು, ತಾಯಿಯ ಮುಖ ಪರಚಿದಳು, ಮೂಗು ಬಾಯಿ ಒಂದು ಮಾಡಿಕೊಂಡು ಊರಿಗೆಲ್ಲ ಕೇಳುವಂತೆ ಅತ್ತಳು. ಪ್ರಸಾದನ ಎರಡೂ ಕೈ ತಾವಾಗಿಯೇ ಕಿವಿಗೆ ಹೋದವು. ಅರ್ಧ ದಾರಿಯಲ್ಲಿ ನಿಂತವು. ಅವನು ಅವನ್ನು ಕಷ್ಟಪಟ್ಟು ಕೆಳಗಿಳಿಸಿ, ತೊಡೆಯ ಮೇಲೆ ಇಟ್ಟುಕೊಂಡು, ಆ ಅಳುವಿನ ಎದುರು ಕೂತ.

"ಸುಮ್ನಿರು ನನ್ನ ಕಂದ, ಸುಮ್ನಿರು," ಎನ್ನುತ್ತ ಮಲ್ಲಿಕಾಂಬ ಎತ್ತಿಕೊಳ್ಳಲು ಬಂದರು.

"ಬೇಡಿ ಅತ್ತೆ," ಎಂದಳು ಸುಮನಾ. ಹಿಡಿದ ಬೆರಳು ಬಿಟ್ಟಿದ್ದಳು, ಮಗುವನ್ನು ಬಿಟ್ಟಿರಲಿಲ್ಲ. "ಯಾರೂ ಸುಮ್ನಿರು ಅನ್ಬೇಡಿ ಅವಳಿಗೆ. ಅಳ್ಲಿ."